ಮಹಾರಾಜರ ಕಿವಿ, ನನ್ನ ಹೆಡ್‌ಫೋನು

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಬರೆದ 'ಕೊನೆಯ ನಾಲ್ಕು ಹಾಡುಗಳು' ಮೊದಲ ಸಲ ಸಭಿಕರ ಕಿವಿಗೆ ಬಿದ್ದವು. ಹಾಡಿದವರು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಹಾಡು ಬರೆದ ಸ್ಟ್ರಾಸ್ ಕೇಳಲು ಇರಲಿಲ್ಲ, ಹಿಂದಿನ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಕಛೇರಿಗೆ ಹಣದ ಆಸರೆ ಕೊಟ್ಟವರೂ ಅಲ್ಲಿರಲಿಲ್ಲ. ಅವರು ನಮ್ಮ ಮೈಸೂರಿನಲ್ಲಿದ್ದರು. ಜಯಚಾಮರಾಜ ಒಡೆಯರ್ ಈ ಕಾರ್ಯಕ್ರಮಕ್ಕೆಂದು 4,800 ಡಾಲರುಗಳ ಖಾತರಿ ಕೊಟ್ಟಿದ್ದರು. ಹಾಡುಗಳು ಮುದ್ರಣಗೊಂಡು ಮೈಸೂರಿಗೆ ಬರಬೇಕು, ತಮ್ಮ ಸಂಗ್ರಹಕ್ಕೆ ಸೇರಬೇಕು ಎಂಬುದು ಅವರ ಆಸೆ. ಆ ಸಂಗ್ರಹದಲ್ಲಿ ಆಗಲೇ ಸುಮಾರು 20,000 ಧ್ವನಿಮುದ್ರಿಕೆಗಳಿದ್ದವು ಎಂಬ ಅಂದಾಜಿದೆ.

ಈ ಸಂಗತಿ ನನ್ನ ಕಣ್ಣಿಗೆ ಬಿದ್ದದ್ದು ಇತಿಹಾಸ ಓದುವಾಗ ಅಲ್ಲ, ಹೆಡ್‌ಫೋನ್ ಹುಡುಕುವಾಗ. ಹೈದರಾಬಾದಿನ ಐ.ಟಿ. ಕಾರಿಡಾರಿನಲ್ಲಿ ಫ್ಲ್ಯಾಟಿನಲ್ಲಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಅಮೆರಿಕದ ತಂಡದೊಂದಿಗಿನ ಕೊನೆಯ ಕಾಲ್ ಮುಗಿಯುವಾಗ ರಾತ್ರಿ ಹತ್ತೂವರೆ. ಮಕ್ಕಳು ಮಲಗಿರುತ್ತಾರೆ, ಗೋಡೆಯಾಚೆ ಪಕ್ಕದ ಮನೆಯವರು ಮಲಗಿರುತ್ತಾರೆ. ಸ್ಪೀಕರಿನಲ್ಲಿ ದರ್ಬಾರಿ ಹಾಕುವ ಹಾಗಿಲ್ಲ. ನಮ್ಮಂಥವರಿಗೆ ಶಾಸ್ತ್ರೀಯ ಸಂಗೀತವೆಂದರೆ ಹೆಡ್‌ಫೋನಿನ ಸಂಗೀತವೇ. ಎಂಟು ವರ್ಷ ದುಡಿದ ನನ್ನ ಜೋಡಿಯ ಕಿವಿಮೆತ್ತೆ ಸಿಪ್ಪೆ ಸುಲಿದು ಉದುರತೊಡಗಿದಾಗ, ಈ ಸಲ ಮೇಲ್ದರ್ಜೆಯದನ್ನೇ ಕೊಳ್ಳೋಣವೆಂದು ಒಂದೂವರೆ ಲಕ್ಷದವರೆಗೆ ಮನಸ್ಸು ಗಟ್ಟಿ ಮಾಡಿದೆ. ಯಾವ ಹೆಡ್‌ಫೋನನ್ನು ಪರೀಕ್ಷಿಸಲಿಕ್ಕೂ ಜನ ಬಳಸುವ ಕೃತಿಗಳಲ್ಲಿ ಸ್ಟ್ರಾಸ್‌ನ ಈ ಹಾಡುಗಳೂ ಸೇರಿವೆ. ಹೆಣ್ಣುದನಿಯೊಂದು ದೊಡ್ಡ ವಾದ್ಯವೃಂದದ ಮೇಲೆ ತೇಲಬೇಕು, ಕೊನೆಯ ಹಾಡಿನ ತುದಿಯಲ್ಲಿ ಎರಡು ಬಾನಾಡಿಗಳ ಹಾಗೆ ಕೊಳಲುಗಳು ನಡುಗಬೇಕು. ಉಪಕರಣ ಸರಿಯಿಲ್ಲದಿದ್ದರೆ ಎರಡೂ ಕೆಡುತ್ತವೆ. ಅದರ ಬಗ್ಗೆ ಓದುತ್ತ ಹೋದರೆ ಮೈಸೂರಿಗೆ ಬಂದು ನಿಂತೆ.

ಅಲ್ಲಿಂದ ನನ್ನ ಪ್ರಶ್ನೆಯೇ ಬೇರೆಯಾಯಿತು. ಒಳ್ಳೆಯ ಸಂಗೀತವನ್ನು ಚೆನ್ನಾಗಿ ಕೇಳಬೇಕೆಂಬ ಆಸೆಯೂ ಅದಕ್ಕೆ ಬೇಕಾದ ಹಣವೂ ಇರುವವನು ಆ ಹಣವನ್ನು ಎಲ್ಲಿ ಹಾಕಬೇಕು?

ಮೈಸೂರಿನಿಂದ ಲಂಡನ್ನಿಗೆ

ಜಯಚಾಮರಾಜ ಒಡೆಯರ್ ಹುಟ್ಟಿದ್ದು 1919ರಲ್ಲಿ. ಅವರ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ವೀಣೆಯೂ ಇತ್ತು, ಪಿಯಾನೊ ಕೂಡ ಇತ್ತು. ಒಟ್ಟೋ ಶ್ಮಿಟ್ ಎಂಬ ಜರ್ಮನ್ ಸಂಗೀತಗಾರ ಅರಮನೆಯ ವಾದ್ಯವೃಂದವನ್ನು ನಡೆಸುತ್ತಿದ್ದರು. ಹುಡುಗ ಪಿಯಾನೊಗೆ ಒಲಿದ. ರಾಹ್ಮನಿನೋವ್ ಹತ್ತಿರ ಕಲಿಯಬೇಕೆಂಬ ಹಂಬಲವೂ ಇತ್ತು. ಆದರೆ 1940ರ ಮಾರ್ಚಿನಲ್ಲಿ ತಂದೆ, ಆಗಸ್ಟಿನಲ್ಲಿ ದೊಡ್ಡಪ್ಪ ತೀರಿಕೊಂಡು, 21ರ ವಯಸ್ಸಿನಲ್ಲಿ ಪಟ್ಟ ಬಂತು. ಪಿಯಾನೊ ವಾದಕನಾಗುವ ದಾರಿ ಅಲ್ಲಿಗೆ ಮುಚ್ಚಿತು. ಕೇಳುಗನ ದಾರಿ ಮಾತ್ರ ಉಳಿಯಿತು.

ಆ ಕೇಳುಗ ಎಂಥವನೆಂಬುದಕ್ಕೆ ಸಾಕ್ಷಿ ವಾಲ್ಟರ್ ಲೆಗ್. ಎಚ್‌ಎಂವಿಯ ಮಾತೃಸಂಸ್ಥೆ ಇಎಂಐನಲ್ಲಿ ಧ್ವನಿಮುದ್ರಣದ ನಿರ್ಮಾಪಕರಾಗಿದ್ದ ಲೆಗ್, 1945ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಕಟ್ಟಿದವರು. ಯುದ್ಧಾನಂತರ ಅವರು ಮೈಸೂರಿಗೆ ಬಂದಿದ್ದರು. ಇನ್ನೂ ಮೂವತ್ತು ತುಂಬದ ಅರಸ, ಗಂಭೀರ ಸಂಗೀತದ ಎಲ್ಲ ಮುದ್ರಿಕೆಗಳೂ ಇವೆಯೇನೋ ಎನಿಸುವಂಥ ಭಂಡಾರ, ಬಗೆಬಗೆಯ ಲೌಡ್‌ಸ್ಪೀಕರುಗಳು, ಹಲವು ಕಾನ್ಸರ್ಟ್ ಪಿಯಾನೊಗಳು: ಇವನ್ನೆಲ್ಲ ಕಂಡು ಬೆರಗಾದುದನ್ನು ಲೆಗ್ ಮುಂದೆ ಬರೆದುಕೊಂಡಿದ್ದಾರೆ. ಲೌಡ್‌ಸ್ಪೀಕರುಗಳ ಸಾಲು ಎಂಬ ಮಾತಿಗೆ ಬಂದಾಗ ನನಗೆ ನಗು ಬಂತು. ಇಂದು ನಾವು ಆಡಿಯೊಫೈಲ್ ಎಂದು ಕರೆಯುವ ಜೀವಿ 1940ರ ದಶಕದ ಮೈಸೂರಿನಲ್ಲಿ ಆಗಲೇ ಇತ್ತು. ಒಂದು ಸ್ಪೀಕರಿನಲ್ಲಿ ಕೇಳಿ ತೃಪ್ತಿಯಾಗದೆ ಇನ್ನೊಂದಕ್ಕೆ ಬದಲಿಸುವ ಚಪಲವೇನೂ ನಮ್ಮ ಕಾಲದ್ದಲ್ಲ.

ಆದರೆ ಅರಸರಿಗೆ ಒಂದು ವಿಷಯ ಹೊಳೆದಿತ್ತು. ಅವರು ಪ್ರೀತಿಸುತ್ತಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ರಚನಕಾರನ ಸಂಗೀತ ಎಷ್ಟು ಒಳ್ಳೆಯ ಸ್ಪೀಕರ್ ತಂದರೂ ಕೇಳುವ ಹಾಗಿರಲಿಲ್ಲ. ಅದರ ಬಹುಪಾಲು ಮುದ್ರಣವೇ ಆಗಿರಲಿಲ್ಲ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್ ರಾಹ್ಮನಿನೋವ್‌ನ ಗೆಳೆಯ. ಇಬ್ಬರೂ ಒಂದೊಂದು ಪಿಯಾನೊ ಕಾನ್ಚೆರ್ಟೊವನ್ನು ಪರಸ್ಪರ ಅರ್ಪಿಸಿಕೊಂಡಿದ್ದರು. ರಾಹ್ಮನಿನೋವ್ ಜಗತ್ಪ್ರಸಿದ್ಧನಾದ. ಮೆಟ್ನರ್ 1930ರ ದಶಕದ ಮಧ್ಯದಿಂದ ಲಂಡನ್ನಿನಲ್ಲಿ ಎಲೆಮರೆಯ ಕಾಯಿಯಾಗಿಯೇ ಉಳಿದ. ಯುದ್ಧ ಶುರುವಾದ ಮೇಲೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಆದಾಯವೂ ನಿಂತಿತು, ಹೃದಯದ ಕಾಯಿಲೆ ಬೇರೆ.

ಮೈಸೂರಿನ ಹಣದಲ್ಲಿ 'ಮೆಟ್ನರ್ ಸೊಸೈಟಿ' ಹುಟ್ಟಿತು. ಈ 'ಸೊಸೈಟಿ' ಎಂಬುದು ಲೆಗ್ 1930ರ ದಶಕದಲ್ಲಿ ರೂಢಿಗೆ ತಂದಿದ್ದ ಉಪಾಯ. ಮಾರಾಟವಾಗುವುದೋ ಇಲ್ಲವೋ ಎಂಬ ಅನುಮಾನವಿರುವ ಸಂಗೀತಕ್ಕೆ ಮೊದಲೇ ಚಂದಾದಾರರನ್ನು ಕೂಡಿಸುವುದು, ಸಾಕಷ್ಟು ಜನ ಸೇರಿದ ಮೇಲೆ ಮುದ್ರಿಸುವುದು. ಹ್ಯೂಗೊ ವೊಲ್ಫ್‌ನ ಹಾಡುಗಳೂ ಶ್ನಾಬೆಲ್ ನುಡಿಸಿದ ಬೀಥೋವನ್ ಸೊನಾಟಾಗಳೂ ಹೀಗೇ ಬಂದವು. ಇಂದಿನ ಭಾಷೆಯಲ್ಲಿ ಕ್ರೌಡ್‌ಫಂಡಿಂಗ್. ಮೆಟ್ನರ್ ವಿಷಯದಲ್ಲಿ ಮಾತ್ರ ಆ ಗುಂಪಿನ ಜಾಗದಲ್ಲಿ ಒಬ್ಬರೇ ನಿಂತರು. 1947ರಿಂದ ಮುದ್ರಣ ನಡೆದು ಮೂರು ಸಂಪುಟಗಳು ಹೊರಬಂದವು. ಮೂರೂ ಕಾನ್ಚೆರ್ಟೊಗಳಲ್ಲಿ ಪಿಯಾನೊದ ಮುಂದೆ ಕೂತವನು ಅರವತ್ತೇಳರ ಮೆಟ್ನರ್ ತಾನೇ. ಮೂರನೆಯ ಕಾನ್ಚೆರ್ಟೊವನ್ನು ಆತ ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡ. ನಾಲ್ಕೈದು ವರ್ಷ ತಡವಾಗಿದ್ದರೆ ಆ ಕೈಬೆರಳುಗಳ ಸದ್ದು ನಮಗೆ ಸಿಗುತ್ತಿರಲಿಲ್ಲ.

ಲೆಗ್ ಹೇಳುವಂತೆ ಫಿಲ್‌ಹಾರ್ಮೋನಿಯಾಕ್ಕೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಕೊಡಲೂ ಅರಸರು ಒಪ್ಪಿದರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ ಆದರು. ಬಾಲಕಿರೇವ್‌ನ ಮೊದಲ ಸಿಂಫನಿ, ರೂಸೆಲ್‌ನ ನಾಲ್ಕನೆಯ ಸಿಂಫನಿಯಂಥ ಅಪರೂಪದ ಕೃತಿಗಳನ್ನು 1949ರಲ್ಲಿ ಕರಾಯನ್ ಮುದ್ರಿಸಿದ್ದರ ಹಿಂದೆಯೂ ಮೈಸೂರಿನ ಕೋರಿಕೆಯಿತ್ತು. ಆಗ ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಕಾಸು. ಹತ್ತು ಸಾವಿರ ಪೌಂಡು ಎಂದರೆ ಸುಮಾರು 1,33,000 ರೂಪಾಯಿ. ಎಪ್ಪತ್ತೈದು ವರ್ಷಗಳ ಬೆಲೆಯೇರಿಕೆಯನ್ನು ಪಕ್ಕಕ್ಕಿಟ್ಟು ಬರೀ ಅಂಕೆ ನೋಡಿದರೆ ನನ್ನ ಹೆಡ್‌ಫೋನಿನ ಬಜೆಟ್ಟಿಗೆ ಹತ್ತಿರವೇ ಇದೆ! ಒಂದು ಅಂಕೆಯಿಂದ ಅಂದು ಒಂದು ವಾದ್ಯವೃಂದ ವರ್ಷವಿಡೀ ಉಸಿರಾಡಿತು. ಇಂದು ಅದೇ ಅಂಕೆಗೆ ಎರಡು ಕಿವಿಬಟ್ಟಲು ಬರುತ್ತವೆ.

ಆ ಹಣ ಯಾರದ್ದು?

ಇಷ್ಟು ಹೇಳಿ ಅರಸರನ್ನು ಹೊಗಳಿ ಮುಗಿಸಿದರೆ ಇತಿಹಾಸ ಅರ್ಧವಾಗುತ್ತದೆ. ಮೆಟ್ನರ್ ಲಂಡನ್ನಿನ ಸ್ಟುಡಿಯೋದಲ್ಲಿ ಕುಳಿತ 1947ರ ಅದೇ ವರ್ಷದ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸಂಸ್ಥಾನದಲ್ಲಿ 'ಮೈಸೂರು ಚಲೋ' ನಡೆಯುತ್ತಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಜವಾಬ್ದಾರಿ ಸರ್ಕಾರ ಬಂದಿಲ್ಲವೆಂದು ಜನ ಬೀದಿಗಿಳಿದಿದ್ದರು, ಜೈಲು ತುಂಬಿದ್ದರು. ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. ಅರಮನೆಯ ಹಣವೆಂಬುದು ಆಕಾಶದಿಂದ ಬಿದ್ದದ್ದಲ್ಲ. ಕಾವೇರಿ ಬಯಲಿನ ರೈತನ ಕಂದಾಯವೂ ಅದರಲ್ಲಿತ್ತು. ಆ ರೈತ ಮೆಟ್ನರ್ ಹೆಸರನ್ನೇ ಕೇಳಿರಲಿಲ್ಲ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಹತ್ತಿರದ್ದು. ಮೈಸೂರಿನ ಆಸ್ಥಾನದಲ್ಲೇ ವಾಸುದೇವಾಚಾರ್ಯರಿದ್ದರು, ವೀಣೆಯ ವೆಂಕಟಗಿರಿಯಪ್ಪನವರಿದ್ದರು, ಏಳು ತಂತಿಯ ಪಿಟೀಲಿನ ಚೌಡಯ್ಯನವರಿದ್ದರು. ಅವರಿಗೆ ಸಂಬಳ, ಶಾಲು, ಬಿರುದುಗಳೆಲ್ಲ ಸಿಕ್ಕವು. ಅರಸರು ವೆಂಕಟಗಿರಿಯಪ್ಪನವರಿಂದ ವೀಣೆ ಕಲಿತರು, ಕರ್ನಾಟಕ ಸಂಗೀತಕ್ಕೆ ಹೊರಳಿ 94 ಕೃತಿಗಳನ್ನೂ ರಚಿಸಿದರು. ಆದರೂ ಒಬ್ಬ ಮುದಿ ಕಲಾವಿದನ ಇಡೀ ಬದುಕಿನ ಕೆಲಸವನ್ನು ಸಂಪುಟ ಸಂಪುಟವಾಗಿ ಮುದ್ರಿಸಿಡಬೇಕೆಂಬ ಯೋಜನೆ ಲಂಡನ್ನಿನಲ್ಲಿ ನಡೆದಂತೆ ಅಗ್ರಹಾರದ ಬೀದಿಯಲ್ಲಿ ನಡೆಯಲಿಲ್ಲ. ಇದಕ್ಕೆ ಅರಸರೊಬ್ಬರನ್ನೇ ದೂರಲಾರೆ. ಅಂದಿನ ತಂತ್ರಜ್ಞಾನವೇ ನಮ್ಮ ಸಂಗೀತದ ಅಳತೆಗೆ ಹೊಂದುತ್ತಿರಲಿಲ್ಲ. 78 ಸುತ್ತಿನ ಹನ್ನೆರಡಂಗುಲದ ತಟ್ಟೆಯ ಒಂದು ಬದಿಗೆ ನಾಲ್ಕೈದು ನಿಮಿಷ, ಹತ್ತಂಗುಲದ್ದಕ್ಕೆ ಮೂರು-ಮೂರೂವರೆ ನಿಮಿಷ. ಬರೆದಿಟ್ಟ ಕಾನ್ಚೆರ್ಟೊವನ್ನು ಎಂಟೊಂಬತ್ತು ಬದಿಗಳಿಗೆ ಹೋಳು ಮಾಡಬಹುದು, ಎಲ್ಲಿ ಕತ್ತರಿಸಬೇಕೆಂದು ಮೊದಲೇ ಗೊತ್ತು. ರಾಗಾಲಾಪನೆಯನ್ನು ಎಲ್ಲಿ ಕತ್ತರಿಸುವುದು?

ಮೂರೂವರೆ ನಿಮಿಷದಲ್ಲಿ ಸಿಕ್ಕದ್ದು, ತಪ್ಪಿದ್ದು

ನಮ್ಮ ದೊಡ್ಡ ಗಾಯಕರ ಮೊದಲ ದನಿ ನಮಗೆ ಸಿಗುವುದು ಈ ಕಿರಿದಾದ ಕಿಂಡಿಯಿಂದಲೇ. 1932ರಲ್ಲಿ ಎಚ್‌ಎಂವಿ ಗಂಗೂಬಾಯಿ ಹಾನಗಲ್ಲರ ಹಾಡುಗಳನ್ನು ಮುದ್ರಿಸಿದಾಗ ಅವರಿಗಿನ್ನೂ ಹತ್ತೊಂಬತ್ತು. ತಟ್ಟೆಯ ಮೇಲಿನ ಹೆಸರು 'ಗಾಂಧಾರಿ'. ನಾವು ಬಲ್ಲ ಗಂಡುಗಂಭೀರ ಕಂಠವನ್ನು ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಲ್ಲಿರುವುದು ಎತ್ತರದ, ತೆಳುವಾದ ಹುಡುಗಿಯ ದನಿ. ಗಂಟಲಿನ ಚಿಕಿತ್ಸೆಯ ನಂತರ ದನಿ ಇಳಿದು ಬೇರೆಯಾಯಿತು. ಆ ಹಳೆಯ ತಟ್ಟೆಗಳು ಇಲ್ಲದಿದ್ದರೆ ಮೊದಲ ಗಂಗೂಬಾಯಿ ಇದ್ದರೆಂಬುದೇ ನಮಗೆ ನಂಬಿಕೆಯಾಗುತ್ತಿರಲಿಲ್ಲ. ಮಲ್ಲಿಕಾರ್ಜುನ ಮನ್ಸೂರರೂ 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದರು. ಮಂಜಿಖಾನರ ಬಳಿ ಕಲಿತು ಬೆಳೆದ ಆ ಜೈಪುರ ಗಾಯಕಿಯ ಸಂಕೀರ್ಣ ಬಳುಕುಗಳು ಮೂರು ನಿಮಿಷದಲ್ಲಿ ಎಷ್ಟು ಹಿಡಿದಾವು?

ಸಮಯದ ಮಿತಿಯ ಜೊತೆಗೆ ಸದ್ದಿನ ಮಿತಿ. 1925ಕ್ಕೆ ಮುಂಚೆ ಮೈಕ್ರೋಫೋನೇ ಇಲ್ಲದೆ ಕಹಳೆಯಂಥ ಕೊಳವೆಯೊಳಗೆ ಹಾಡಬೇಕಿತ್ತು. ಅದು ಹಿಡಿಯುತ್ತಿದ್ದುದು ಸುಮಾರು 250ರಿಂದ 2,500 ಹರ್ಟ್ಸ್. ಮನುಷ್ಯನ ಕಿವಿಯ ವ್ಯಾಪ್ತಿ 20ರಿಂದ 20,000. ವಿದ್ಯುತ್ ಮುದ್ರಣ ಬಂದ ಮೇಲೆ 5,000 ದಾಟಿತು. ಇದರಲ್ಲಿ ಮೊದಲು ಸಾಯುವುದು ತಂಬೂರಿ. ತಂಬೂರಿಯ ಜೀವವಿರುವುದು ಜವಾರಿಯಲ್ಲಿ. ಅಗಲವಾದ ಕುದುರೆಗೂ ತಂತಿಗೂ ನಡುವೆ ನೂಲೆಳೆ ಇಟ್ಟು ಹೊಂದಿಸಿದಾಗ ಏಳುವ ಮೇಲ್‌ಸ್ವರಗಳ ಜೇನುಗುಂಜನೆ ಅದು. ಸಿ.ವಿ. ರಾಮನ್ 1921ರಲ್ಲೇ ವೀಣೆ ಮತ್ತು ತಂಬೂರಿಯ ಈ ಕುದುರೆಯ ಬಗ್ಗೆ ಪ್ರಬಂಧ ಬರೆದು, ಮೀಟಿದ ಜಾಗದಲ್ಲಿ ಏಳಬಾರದ ಮೇಲ್‌ಸ್ವರಗಳೂ ಇಲ್ಲಿ ಏಳುವುದನ್ನು ತೋರಿಸಿದ್ದರು. ವಿಜ್ಞಾನಿಯ ಕಿವಿಗೆ ಕೇಳಿದ್ದು ತಟ್ಟೆಯ ಗೀರಿಗೆ ಇಳಿಯಲಿಲ್ಲ.

ಈಗ ಹೆಡ್‌ಫೋನಿನ ಕಥೆಗೆ ಬೇಕಾದ ಮುಖ್ಯ ಮಾತು. ಗೀರಿಗೆ ಇಳಿಯದ್ದನ್ನು ಯಾವ ಉಪಕರಣವೂ ಎತ್ತಿ ಕೊಡಲಾರದು. ನಮ್ಮ ಕೆಲಸದಲ್ಲಿ ಇದು ದಿನನಿತ್ಯದ ಪಾಠ. ರಿಕ್ವೈರ್‌ಮೆಂಟ್ ಹಂತದಲ್ಲಿ ಬಿಟ್ಟುಹೋದದ್ದನ್ನು ಕೊನೆಯ ಪರದೆಯ ಬಣ್ಣ ಬದಲಿಸಿ ತರಲಾಗದು. ಅಷ್ಟೇ ಅಲ್ಲ, ಉಪಕರಣ ಚುರುಕಾದಷ್ಟೂ ಅರಗಿನ ತಟ್ಟೆಯ ಚರಪರ ಸದ್ದೇ ಎದ್ದು ಕಾಣುತ್ತದೆ. ಆಲ್ಬರ್ಟ್ ಹಾಲಿನ ಆ ಮೊದಲ ಪ್ರಯೋಗದ ಮುದ್ರಣ ಇಂದಿಗೂ ಉಳಿದಿದೆ, ಸಿ.ಡಿ.ಯಲ್ಲೂ ಬಂದಿದೆ. ಸದ್ದು ತೀರಾ ಕಳಪೆ. ಸ್ನೇಹಿತರೊಬ್ಬರ ಬಲು ದುಬಾರಿ ಹೆಡ್‌ಫೋನಿನಲ್ಲಿ ಅದನ್ನು ಕೇಳಿದೆ. ಕೊಳಲಿನ ಬಾನಾಡಿಗಳನ್ನು ಗರಗರ ಸದ್ದಿನ ಪೊದೆಯಲ್ಲಿ ಹುಡುಕಬೇಕಾಯಿತು.

ಇದಕ್ಕೆ ವಿರುದ್ಧವಾದ ಸಾಕ್ಷಿಯೊಂದು ಗದಗಿನಲ್ಲಿದೆ. ಅಂಗಡಿಯೊಂದರ ಗ್ರಾಮೊಫೋನಿನಲ್ಲಿ ಹುಡುಗನೊಬ್ಬ ಅಬ್ದುಲ್ ಕರೀಂಖಾನರ ಝಿಂಝೋಟಿ ಠುಮ್ರಿಯನ್ನು ಕೇಳಿದ. ತಂಬೂರಿ ಸತ್ತ, ಮೂರು ನಿಮಿಷದ, ತಗಡಿನಂಥ ಸದ್ದು. ಹಾಗೆ ಹಾಡಬೇಕೆಂಬ ಹುಚ್ಚು ಹತ್ತಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು ಗುರುವನ್ನು ಹುಡುಕಿ ಹೊರಟ. ಆ ಹುಡುಗ ಭೀಮಸೇನ ಜೋಶಿ. ಊರೂರು ಅಲೆದು, ಕೊನೆಗೆ ಅದೇ ಕರೀಂಖಾನರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ ಕುಂದಗೋಳದಲ್ಲಿ ನೆಲೆ ನಿಂತದ್ದು ನಿಮಗೆಲ್ಲ ಗೊತ್ತು. ಹುಡುಗನಿಗೆ ಸಾಕಾಗಿದ್ದು ನನಗೆ ಸಾಲದೆ? ಒಂದೇ ಉತ್ತರ: ಆ ತಟ್ಟೆ ಎಷ್ಟೇ ಕಳಪೆಯಾದರೂ ಇತ್ತು. ಯಾರೋ ಅದನ್ನು ಮುದ್ರಿಸಿದ್ದರು.

ಹೈದರಾಬಾದಿನ ಪಾಲು

ನಾನಿರುವ ಊರಿನ ಕಥೆಯೂ ಇಲ್ಲಿ ಸೇರುತ್ತದೆ. ನಿಜಾಮರ ಕಾಲದ ಡೆಕ್ಕನ್ ರೇಡಿಯೊ ಉರ್ದು, ತೆಲುಗು, ಮರಾಠಿಗಳ ಜೊತೆ ಕನ್ನಡದಲ್ಲೂ ಕಾರ್ಯಕ್ರಮ ಕೊಡುತ್ತಿತ್ತು. ಬೀದರ, ಕಲಬುರಗಿ, ರಾಯಚೂರುಗಳು ಆಗ ಈ ಸಂಸ್ಥಾನದ್ದೇ ಅಲ್ಲವೆ? 1950ರ ಏಪ್ರಿಲ್ 1ರಂದು ಅದು ಆಕಾಶವಾಣಿಗೆ ಸೇರಿತು. ಅದೇ ವರ್ಷದ ಜನವರಿ 8ರಂದು ಧಾರವಾಡ ಕೇಂದ್ರ ಶುರುವಾಗಿತ್ತು. 'ಆಕಾಶವಾಣಿ' ಎಂಬ ಹೆಸರನ್ನು 1935ರಲ್ಲಿ ಮೈಸೂರಿನ ತಮ್ಮ ಮನೆಯ ಬಾನುಲಿ ಕೇಂದ್ರಕ್ಕೆ ಇಟ್ಟವರು ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಎಂಬುದನ್ನು ವಲಸಿಗ ಕನ್ನಡಿಗರು ಎಲ್ಲಿದ್ದರೂ ಹೇಳಿಕೊಳ್ಳಬಹುದು.

ರೇಡಿಯೊ, ಅದರ ಹಿಂದೆಯೇ ಬಂದ ಟೇಪು, ಇವೆರಡೂ ಮೂರೂವರೆ ನಿಮಿಷದ ಬೇಲಿಯನ್ನು ಮುರಿದವು. 1948ರಲ್ಲಿ ಅಮೆರಿಕದಲ್ಲಿ ಎಲ್‌ಪಿ ಬಂದು ಒಂದು ಬದಿಗೆ ಇಪ್ಪತ್ತು ನಿಮಿಷ ದಾಟಿತು. ಟೇಪಿನಲ್ಲಿ ಇಡೀ ಬೈಠಕ್ಕೇ ಹಿಡಿಯಿತು. ಬಡೇ ಗುಲಾಮ್ ಅಲಿಖಾನರು ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಇದೇ ಹೈದರಾಬಾದಿನ ಬಶೀರ್‌ಬಾಗ್ ಅರಮನೆಯಲ್ಲಿ, ನವಾಬ್ ಜಹೀರ್ ಯಾರ್ ಜಂಗರ ಆಶ್ರಯದಲ್ಲಿ. 1968ರ ಏಪ್ರಿಲಿನಲ್ಲಿ ಅಲ್ಲೇ ತೀರಿಕೊಂಡರು. ಖಾನರ 78 ಸುತ್ತಿನ ತಟ್ಟೆಗಳು ಅದ್ಭುತವಾಗಿವೆ, ಒಪ್ಪಿದೆ. ಆದರೆ ಅವರು ನಡುನಡುವೆ ಮಾತಾಡುತ್ತ, ನಗುತ್ತ, ಹೊತ್ತಿನ ಪರಿವೆಯಿಲ್ಲದೆ ಹಾಡಿದ ಖಾಸಗಿ ಬೈಠಕ್‌ಗಳ ಮುದ್ರಣಗಳಲ್ಲಿ ಸಿಗುವ ಗಾಯಕ ಬೇರೆ. ಅವು ಉಳಿದದ್ದು ಯಾವುದೋ ಮನೆಯಲ್ಲಿ ಯಾರೋ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ್ದರಿಂದ. ಬಶೀರ್‌ಬಾಗಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗಲೆಲ್ಲ ನನಗೆ ಈ ಅನಾಮಧೇಯರ ನೆನಪಾಗುತ್ತದೆ.

ಹಾಗಾದರೆ ಯಾವ ಹೆಡ್‌ಫೋನ್?

ಹೆಡ್‌ಫೋನಿಗೂ ಶಾಸ್ತ್ರೀಯ ಸಂಗೀತಕ್ಕೂ ನಂಟು ಹಳೆಯದು. 1881ರ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮೆಂಟ್ ಆದೆರ್ ಎಂಬ ಎಂಜಿನಿಯರ್ ಒಪೆರಾದ ವೇದಿಕೆಯಲ್ಲಿ ಟೆಲಿಫೋನ್ ಪ್ರೇಷಕಗಳನ್ನಿಟ್ಟು, ದೂರದಲ್ಲಿದ್ದ ಜನ ಎರಡು ಕಿವಿಗೂ ಒಂದೊಂದು ಗ್ರಾಹಕ ಹಿಡಿದು ಕೇಳುವಂತೆ ಮಾಡಿದ್ದ. ಇಂದಿನ ರೂಪ ಬಂದದ್ದು ಸೈನ್ಯದ ದಾರಿಯಲ್ಲಿ. 1910ರಲ್ಲಿ ನ್ಯಾಥೇನಿಯಲ್ ಬಾಲ್ಡ್‌ವಿನ್ ಅಮೆರಿಕದ ನೌಕಾಪಡೆಗೆ ಮಾಡಿಕೊಟ್ಟ. 1937ರಲ್ಲಿ ಜರ್ಮನಿಯ ಬೇಯರ್‌ನ ಡಿಟಿ 48, 1958ರಲ್ಲಿ ಅಮೆರಿಕದ ಜಾನ್ ಕಾಸ್‌ನ ಸ್ಟೀರಿಯೊ ಹೆಡ್‌ಫೋನ್ ಬಂದವು. 1968ರಲ್ಲಿ ಸೆನ್‌ಹೈಸರ್ ಬೆನ್ನು ತೆರೆದ ಎಚ್‌ಡಿ 414 ತಂದ ಮೇಲೆ ಸದ್ದು ಡಬ್ಬಿಯೊಳಗಿಂದ ಹೊರಬಂದು ಗಾಳಿಯಾಡತೊಡಗಿತು. ಅದೇ ಸಂಸ್ಥೆಯ ಎಚ್‌ಡಿ 600 ಬಂದದ್ದು 1997ರಲ್ಲಿ, ಎಚ್‌ಡಿ 800 ಬಂದದ್ದು 2009ರಲ್ಲಿ.

ನಾನು ಪಟ್ಟಿ ಮಾಡಿಕೊಂಡದ್ದು ಹೀಗೆ. ಮೊದಲನೆಯದು, ನನ್ನ ಬಳಿ ನಿಜಕ್ಕೂ ಏನೇನು ಮುದ್ರಣಗಳಿವೆ ಎಂಬುದು. ಲೆಕ್ಕ ಹಾಕಿದರೆ ಮುಕ್ಕಾಲು ಪಾಲು ಮೋನೊ: ಹಳೆಯ ತಟ್ಟೆಗಳು, ರೇಡಿಯೊ ಟೇಪುಗಳು, ಬೈಠಕ್‌ಗಳು. ಮೋನೊ ಮುದ್ರಣ ಎಷ್ಟೇ ವಿಶಾಲ 'ವೇದಿಕೆ' ತೋರಿಸುವ ಹೆಡ್‌ಫೋನಿನಲ್ಲೂ ತಲೆಯ ನಟ್ಟನಡುವೆಯೇ ನಿಲ್ಲುತ್ತದೆ. ಆ ವಿಶಾಲತೆಗೆ ಕೊಡುವ ಹೆಚ್ಚಿನ ಹಣ ನನಗೆ ವ್ಯರ್ಥ. ನೀವು ಹೊಸ ಸಿಂಫನಿ ಮುದ್ರಣಗಳನ್ನೇ ಕೇಳುವವರಾದರೆ ಲೆಕ್ಕ ತಿರುಗುತ್ತದೆ. ಸಾವಿರ ಸದ್ದುಗಳು ಬೇರೆಬೇರೆ ಜಾಗದಿಂದ ಬರುವಾಗ ಎಚ್‌ಡಿ 800ರಂಥದ್ದು ತನ್ನ ಬೆಲೆಯನ್ನು ದುಡಿದುಕೊಡುತ್ತದೆ.

ಎರಡನೆಯದು ಮಧ್ಯಮ ಸ್ತರ. ಗಾಯನ, ಸಾರಂಗಿ, ವೀಣೆಗಳ ಬದುಕು ನಡೆಯುವುದು ಅಲ್ಲೇ. ಕಂಠ ಸಹಜವಾಗಿ ಕೇಳಬೇಕು, ಬಾಯಾಂದ ಡೊಳ್ಳಾಗಿ ಊದಬಾರದು, ತಂಬೂರಿ ಮಿಂಚಬೇಕಾದರೂ ಚುಚ್ಚಬಾರದು. ಮೂರನೆಯದು ನನ್ನ ಕಿವಿ. ನಲವತ್ತು ದಾಟಿದವರಿಗೆ 15,000 ಹರ್ಟ್ಸಿನ ಮೇಲಿನದು ಕೇಳುವುದು ಕಷ್ಟ. ಡಬ್ಬಿಯ ಮೇಲೆ 40,000 ಎಂದು ಬರೆದಿದ್ದರೆ ಅದು ನಮ್ಮನೆ ಬೆಕ್ಕಿಗೆ ಉಪಯೋಗ. ನಾಲ್ಕನೆಯದು ತೂಕ. ಎಚ್‌ಡಿ 600 ಸುಮಾರು 260 ಗ್ರಾಂ. ಕೆಲವು ದುಬಾರಿ ಪ್ಲೇನಾರ್ ಮಾದರಿಗಳು ಅರ್ಧ ಕಿಲೋ ದಾಟುತ್ತವೆ. ವಿಲಂಬಿತ ಏಕತಾಲ ಮುಗಿಯುವ ಮೊದಲೇ ಕುತ್ತಿಗೆ ದ್ರುತಕ್ಕೆ ಬಂದರೆ ಏನು ಸುಖ? ಐದನೆಯದು ಆಂಪ್ಲಿಫೈಯರ್. 300 ಓಮಿನ ಹೆಡ್‌ಫೋನನ್ನು ಫೋನಿಗೆ ಸಿಕ್ಕಿಸಿ ಬೈಯಬಾರದು. ಸಾಧಾರಣ ಬೆಲೆಯ ಆಂಪ್ ಒಂದು ಬೇಕೇ ಬೇಕು.

ಕೊನೆಯದು ಎಲ್ಲರೂ ಮರೆಯುವುದು. ಶಾಸ್ತ್ರೀಯ ಸಂಗೀತದಲ್ಲಿ ಮೆಲುದನಿಗೂ ಆರ್ಭಟಕ್ಕೂ ಅಂತರ ದೊಡ್ಡದು. ಆಲಾಪ ಕೇಳಲೆಂದು ಏರಿಸಿದ ವಾಲ್ಯೂಮು ಝಾಲಾಕ್ಕೂ ಹಾಗೇ ಉಳಿದುಬಿಡುತ್ತದೆ. ವಾರಕ್ಕೆ 40 ಗಂಟೆಗೆ 80 ಡೆಸಿಬಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಹಗಲಿಡೀ ಕಾಲ್‌ಗಳಲ್ಲೂ ಕಿವಿ ಮುಚ್ಚಿಕೊಂಡಿರುವ ನಮ್ಮ ಕೋಟಾ ಸಂಗೀತಕ್ಕೆ ಕೂರುವ ಮೊದಲೇ ಅರ್ಧ ಖಾಲಿ.

ಎಲ್ಲ ಕೂಡಿಸಿ ಕಳೆದಾಗ ನಾನು ಎಚ್‌ಡಿ 600 ಕೊಂಡೆ. ಮೆತ್ತೆ, ಕೇಬಲ್ಲು ಸವೆದರೆ ಬದಲಿಸಿಕೊಳ್ಳಬಹುದು. ಆಂಪ್ ಸೇರಿಸಿದರೂ ಬಜೆಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ದುಬಾರಿಯದರ ಆಸೆ ಹೋಗಿಲ್ಲ, ಸುಳ್ಳೇಕೆ ಹೇಳಲಿ.

ಉಳಿದ ಹಣಕ್ಕೆ ದಾರಿ ತೋರಿಸಿದ್ದು ಮೆಟ್ನರನ ಕಥೆ. ಧಾರವಾಡದಲ್ಲಿ ನಮ್ಮ ಸೋದರಮಾವನ ಮನೆಯ ಅಟ್ಟದ ಮೇಲೆ ಒಂದು ಟ್ರಂಕು ತುಂಬ ಕ್ಯಾಸೆಟ್ಟುಗಳಿವೆ. 1980ರ ದಶಕದಲ್ಲಿ ಮಠಗಳಲ್ಲಿ, ಮನೆಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ ಅವರು ಮುದ್ರಿಸಿದ್ದು. ಹಾಡಿದವರಲ್ಲಿ ಹೆಚ್ಚಿನವರು ದೊಡ್ಡ ಹೆಸರಿನವರಲ್ಲ. ಶಾಲೆಗಳಲ್ಲಿ ಪಾಠ ಹೇಳಿಕೊಂಡು, ಸಂಜೆ ಹಾಡಿಕೊಂಡು ಬದುಕಿ ಹೋದವರು. ಅವರ ಒಂದು ತಟ್ಟೆಯೂ ಮಾರುಕಟ್ಟೆಗೆ ಬಂದಿಲ್ಲ. ಈ ಟೇಪು ಸತ್ತರೆ ಅವರು ಹಾಡಿದ್ದರೆಂಬುದಕ್ಕೆ ಬೇರೆ ಪುರಾವೆಯಿಲ್ಲ. ಬೆಂಗಳೂರಿನ ಅನುಭವಸ್ಥ ತಂತ್ರಜ್ಞರೊಬ್ಬರು ಅವನ್ನು ಒಂದೊಂದಾಗಿ ಡಿಜಿಟಲ್‌ಗೆ ಇಳಿಸಲು ಒಪ್ಪಿದ್ದಾರೆ. ಇಪ್ಪತ್ತೆರಡು ಮುಗಿದಿವೆ. ಮೊದಲ ಫೈಲಿನಲ್ಲಿ ನಲವತ್ತೇಳು ನಿಮಿಷದ ಪೂರಿಯಾ ಧನಾಶ್ರೀ ಇದೆ, ನಡುವೆ ತಬಲಾ ಶ್ರುತಿ ಮಾಡುವ ಸುತ್ತಿಗೆಯ ಸದ್ದೂ ಇದೆ. ಮಹಾರಾಜರ ಹಾಗೆ ವಾದ್ಯವೃಂದ ಸಾಕುವ ಶಕ್ತಿ ನಮಗಿಲ್ಲ. ಒಂದು ಟ್ರಂಕು ಉಳಿಸುವ ಶಕ್ತಿ ತಿಂಗಳ ಸಂಬಳದವರಿಗೂ ಇದೆ, ಇಲ್ಲಿ ಯಾರ ಕಂದಾಯದ ಪ್ರಶ್ನೆಯೂ ಏಳುವುದಿಲ್ಲ.

ಈ ಪತ್ರಿಕೆ ಓದುವ ಹಲವರ ಊರಮನೆಯಲ್ಲೂ ಇಂಥ ಟ್ರಂಕು ಇರಬಹುದು. ಇದ್ದರೆ ಒಂದಿಷ್ಟು ಮಾತು. ಅಟ್ಟದ ಬಿಸಿಯಿಂದ ಇಳಿಸಿ ತಂಪಾದ, ಒಣಗಿದ ಜಾಗದಲ್ಲಿ ನಿಲ್ಲಿಸಿಡಿ. ಸ್ಪೀಕರು, ಅಯಸ್ಕಾಂತಗಳ ಹತ್ತಿರ ಬೇಡ. ಮೂಲೆಯಲ್ಲಿ ಬಿದ್ದಿರುವ ಹಳೆಯ ಟೇಪ್ ರೆಕಾರ್ಡರಿಗೆ ಹಾಕಿ 'ಓಡುತ್ತಾ ನೋಡೋಣ' ಎನ್ನಬೇಡಿ, ರಬ್ಬರು ಕರಗಿದ ಯಂತ್ರ ಟೇಪನ್ನೇ ನುಂಗುತ್ತದೆ. ಇಳಿಸುವವರಿಗೆ ಪ್ರತಿ ಕ್ಯಾಸೆಟ್ಟಿಗೂ ಹೆಡ್ಡಿನ ಕೋನವನ್ನು ಹೊಂದಿಸಲು ಹೇಳಿ, ಅದು ಒಂದೆಳೆ ತಪ್ಪಿದರೂ ತಂಬೂರಿಯ ಜವಾರಿ ಮಾಯವಾಗುತ್ತದೆ. ಎಲ್ಲಕ್ಕಿಂತ ಮೊದಲು, ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ಮಾವನಿಗೆ ಈಗ ಎಂಬತ್ತೊಂದು. ಇನ್ನೂ ಮೂವತ್ತು ಕ್ಯಾಸೆಟ್ಟುಗಳ ಮೇಲೆ ಹೆಸರಿಲ್ಲ.